ಹಿತ್ತಲ ಹಂದರಕ್ಕೆ ಕಂಬ ಯಾವುದು, ಜಂತಿ ಯಾವುದು?

ಹಂದರದ ಸಾಮಾನಿಗೆ ಪೇಟೆಗೆ ಹೋಗುವ ಮೊದಲು ಹಿತ್ತಲಲ್ಲಿ ಒಂದು ಗುಂಡಿ ತೆಗೆಸಿ ನೋಡಿ. ವಿಜಯಪುರದ ಸುತ್ತ ಬಹಳ ಕಡೆ ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಅಂಥ ನೆಲದಲ್ಲಿ ಒಂದೂವರೆ ಅಡಿ ಹುಗಿದ ಕಂಬ ನೆಟ್ಟಗೆ ನಿಲ್ಲುವುದಿಲ್ಲ. ಗಟ್ಟಿ ಗರಸು ಸಿಗುವವರೆಗೆ ಅಗೆಸಿ, ಅಲ್ಲಿಂದ ಕಾಂಕ್ರೀಟ್ ಎಬ್ಬಿಸಿ. ಎರೆ ತೀರ ಆಳವಿದ್ದರೆ ಎಂಜಿನಿಯರ್ ಒಬ್ಬರನ್ನು ಕೇಳುವುದು ಲೇಸು. ಖರ್ಚು ಉಳಿಸಲೇಬೇಕೆಂದರೆ ಹಂದರದ ಮೇಲೆ ಹಾಕುವ ಪಟ್ಟಿಗಳಲ್ಲಿ ಉಳಿಸಿ, ಬುನಾದಿಯಲ್ಲಿ ಬೇಡ.

ಕಂಬಕ್ಕೆ ನನ್ನ ಮೊದಲ ಆಯ್ಕೆ ಕಲ್ಲು. ದ್ರಾಕ್ಷಿ ತೋಟದಲ್ಲಿ ನಿಲ್ಲಿಸುವಂಥ ಕಲ್ಲುಕಂಬಕ್ಕೆ ಗೆದ್ದಲಿನ ಭಯವಿಲ್ಲ, ಬಣ್ಣ ಬಳಿಯುವ ಕೆಲಸವಿಲ್ಲ. ಕೊಳ್ಳುವಾಗ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಠಣ್ ಎಂದರೆ ಸರಿ, ದಬ್ ಎಂದರೆ ಒಳಗೆ ಸೀಳಿರಬಹುದು, ಬಿಟ್ಟುಬಿಡಿ.

ಕಲ್ಲು ಸಾಗಿಸುವುದು ಕಷ್ಟವೆನಿಸಿದರೆ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪ್. ದುಂಡು ಪೈಪಿನ ಮೇಲೆ ಬಣ್ಣದ ಪಟ್ಟೆ ಇರುತ್ತದೆ: ಹಳದಿ ಹಗುರ, ನೀಲಿ ಮಧ್ಯಮ, ಕೆಂಪು ಭಾರಿ. ಹಂದರಕ್ಕೆ ನೀಲಿ ಸಾಕು. ಚೌಕ ಪೈಪಾದರೆ ಬಾಯಿಮಾತು ನಂಬದೆ ತೂಗಿಸಿ. 50 ಮಿ.ಮೀ. ಚೌಕದ, 2 ಮಿ.ಮೀ. ದಪ್ಪದ ಪೈಪು 6 ಮೀಟರ್ ಉದ್ದಕ್ಕೆ ಸುಮಾರು 18 ಕೆ.ಜಿ. ತೂಗಬೇಕು. 13–14ಕ್ಕೆ ನಿಂತರೆ ಅದು ಒಂದೂವರೆ ಮಿ.ಮೀ. ಮಾಲು. ವೆಲ್ಡಿಂಗ್ ಆದಲ್ಲೆಲ್ಲ ಸತುವಿನ ಲೇಪ ಸುಟ್ಟುಹೋಗುತ್ತದೆ, ತುಕ್ಕು ಅಲ್ಲಿಂದಲೇ ಶುರು. ಆ ಜಾಗಕ್ಕೆ ಉಜ್ಜಿ ಜಿಂಕ್ ಪೇಂಟ್ ಬಳಿಸದೆ ಕೆಲಸದವರನ್ನು ಕಳಿಸಬೇಡಿ.

ಕಟ್ಟಿಗೆ ಮೇಲಿರಲಿ, ಮಣ್ಣು ಮುಟ್ಟುವುದು ಬೇಡ. ಹೊಸ ಸಾಗವಾನಿ ದುಬಾರಿ. ಹಳೆಯ ಮಾಳಿಗೆ ಮನೆ ಕೆಡವಿದಾಗ ಮಾರಾಟಕ್ಕೆ ಬರುವ ತೊಲೆ, ಜಂತಿಗಳನ್ನು ಹುಡುಕಿ. ದಶಕಗಳ ಕಾಲ ಒಣಗಿದ ಕಟ್ಟಿಗೆ ಇನ್ನು ಸುಲಭಕ್ಕೆ ಸೊಟ್ಟಗಾಗುವುದಿಲ್ಲ. ಗೋಡೆಯೊಳಗಿದ್ದ ತುದಿಗಳನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಸಲೀಸಾಗಿ ಒಳಗೆ ಇಳಿದರೆ ಗೆದ್ದಲು ತಿಂದಿದೆ ಎಂದೇ ಅರ್ಥ. ಹೊಸದನ್ನೇ ತಂದರೆ ಕಂದು ಚೇಗು (ಮರದ ನಡುವಿನ ಗಟ್ಟಿ ಭಾಗ) ಇರುವ ತುಂಡು ಆರಿಸಿ, ಅಂಚಿನ ಬಿಳಿ ಕಟ್ಟಿಗೆಯನ್ನು ಗೆದ್ದಲು ಬಿಡುವುದಿಲ್ಲ. ಕೊಯ್ದ ತುದಿಗಳು ನೀರನ್ನು ಹೆಚ್ಚು ಹೀರುತ್ತವೆ. ಅಗಸಿ ಎಣ್ಣೆ ಹಚ್ಚುವಾಗ ಅಲ್ಲಿಗೆ ಎರಡು ಕೈ ಹೆಚ್ಚು ಕೊಡಿ, ವರ್ಷಕ್ಕೊಮ್ಮೆ ಮತ್ತೆ ಹಚ್ಚಿ. ಬಿದಿರು ಒಂದೆರಡು ಬೇಸಿಗೆಯ ಮಾತು.

ಪಟ್ಟಿಗಳು ಉತ್ತರ–ದಕ್ಷಿಣವಾಗಿ, ಅಂಚಿನ ಮೇಲೆ ನಿಂತಿರಲಿ. ಬೆಳಗಿನ ಬಿಸಿಲೂ ಇಳಿಹೊತ್ತಿನ ಬಿಸಿಲೂ ಆಗ ತಡೆಯುತ್ತದೆ. ನಡುಮಧ್ಯಾಹ್ನದ ನೆತ್ತಿಯ ಬಿಸಿಲಿಗೆ ಬಳ್ಳಿ ಇಲ್ಲವೇ ಶೇಡ್‌ನೆಟ್ ಬೇಕೇ ಬೇಕು. ದ್ರಾಕ್ಷಿ, ಹೀರೆ ಹಬ್ಬಿಸುವುದಾದರೆ ಜಿಐ ತಂತಿ ಎಳೆಯಿರಿ: ಸುತ್ತಲಿಗೆ ದಪ್ಪನೆಯ 8 ಗೇಜ್, ನಡುವೆ ತೆಳ್ಳನೆಯ 12 ಗೇಜ್. ಶೇಡ್‌ನೆಟ್ ಹಾಕುವವರು ಬಿಚ್ಚಲು ಬರುವಂತೆ ಹಗ್ಗದಲ್ಲಿ ಕಟ್ಟಿ, ಏಪ್ರಿಲ್–ಮೇ ತಿಂಗಳಲ್ಲಿ ಮೋಡ ಕಟ್ಟಿ ಗಾಳಿ ಏಳುವ ಮುನ್ನ ಅದನ್ನು ಇಳಿಸಿಬಿಡಿ.