ಸ್ಟೀರಿಂಗ್ ತಿರುಗಿದರೂ ಗಾಡಿ ತಿರುಗಲ್ವಾ?

ಶ್ರೀರಂಗಪಟ್ಟಣದ ಹತ್ತಿರ ನಮ್ಮ ಭಾವನ ಕಲ್ಯಾಣ ಮಂಟಪ ಇದೆ. ಅದರ ಮುಂದಿನ ಹುಲ್ಲುಹಾಸಿಗೆ ಲಾನ್ ಮೋವರ್, ಅಂದರೆ ಕೂತು ಓಡಿಸುವ ಹುಲ್ಲು ಕತ್ತರಿಸುವ ಗಾಡಿ, ಇಟ್ಟಿದ್ದಾರೆ. ಹೋದ ಮಳೆಗಾಲದಲ್ಲಿ ಫೋನ್ ಮಾಡಿ, 'ಸ್ಟೀರಿಂಗ್ ತಿರುಗಿಸಿದ್ರೆ ಕಟಕಟ ಅಂತದೆ ಕಣಪ್ಪ, ಗಾಡಿ ಮಾತ್ರ ಸೀದಾ ತೆಂಗಿನ ಮರಕ್ಕೇ ಹೋಯ್ತದೆ' ಅಂದರು. ಇಷ್ಟು ಕೇಳಿದರೆ ಸಾಕು, ಗೇರ್ ಹಲ್ಲಿನ ಮೇಲೆ ಅನುಮಾನ ಬಂದೇ ಬರುತ್ತದೆ.

ಹೆಚ್ಚಿನ ಮೋವರ್‌ಗಳಲ್ಲಿ ಸ್ಟೀರಿಂಗ್ ರಾಡಿನ ಕೆಳತುದಿಗೆ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರ ಇರುತ್ತದೆ. ಅದು ಬೀಸಣಿಗೆ ಆಕಾರದ, ಒಂದೇ ಅಂಚಿಗೆ ಹಲ್ಲಿರುವ ಸೆಕ್ಟರ್ ಗೇರನ್ನು ಆಚೀಚೆ ಆಡಿಸುತ್ತದೆ. ಸೆಕ್ಟರ್‌ಗೆ ಸಿಕ್ಕಿಸಿದ ರಾಡುಗಳು ಮುಂದಿನ ಚಕ್ರ ತಿರುಗಿಸುತ್ತವೆ. ನಾವು ಜಾಸ್ತಿ ಹೊತ್ತು ಓಡಿಸುವುದು ಸೀದಾ ಅಲ್ವಾ? ಹಾಗಾಗಿ ನಡುವಿನ ಕೆಲವು ಹಲ್ಲುಗಳೇ ಮೊದಲು ಸವೆಯುತ್ತವೆ, ಅಂಚಿನವು ಹೊಸದರ ಹಾಗೇ ಇರುತ್ತವೆ. ಪೂರ್ತಿ ತಿರುಗಿಸಿದಾಗ ಬಿಗಿ, ನಡುವೆ ಬಂದರೆ ಲೊಡಲೊಡ.

ಆದರೂ ಗೇರ್ ತರಿಸುವ ಮೊದಲು ಒಮ್ಮೆ ನೋಡಿಬಿಡಿ. ಎಂಜಿನ್ ಆಫ್ ಇರಲಿ. ಒಬ್ಬರು ಸ್ಟೀರಿಂಗನ್ನು ಸ್ವಲ್ಪ ಸ್ವಲ್ಪವೇ ಆಚೀಚೆ ಅಲ್ಲಾಡಿಸಲಿ, ಇನ್ನೊಬ್ಬರು ಟಾರ್ಚ್ ಹಿಡಿದು ಕೆಳಗೆ ನೋಡಲಿ. ಪಿನಿಯನ್ ಆಡಿ ಸೆಕ್ಟರ್ ಆಡದಿದ್ದರೆ ಹಲ್ಲು ಹೋಗಿದೆ. ಸೆಕ್ಟರ್ ಆಡಿ ಚಕ್ರ ಆಡದಿದ್ದರೆ ರಾಡಿನ ತುದಿಯ ಜಾಯಿಂಟ್ ಹೋಗಿದೆ. ಸೆಕ್ಟರೇ ಮೇಲೆ ಕೆಳಗೆ ತೊನೆದಾಡಿದರೆ ಬುಷ್, ಅಂದರೆ ತಿರುಗುವ ಭಾಗ ಅಲ್ಲಾಡದ ಹಾಗೆ ಹಿಡಿಯುವ ಬಳೆ, ಹೋಗಿದೆ. ನಮ್ಮದರಲ್ಲಿ ಹಲ್ಲು, ಬುಷ್ ಎರಡೂ ಹೋಗಿತ್ತು.

ಮಂಡ್ಯ ಕಡೆಯವರಿಗೆ ಥಟ್ಟನೆ ಹೊಳೆಯುವುದು ಲೇತ್ ಅಂಗಡಿ. ಆಲೆಮನೆ ಗಾಣದ ಗೇರಿಗೆ ವೆಲ್ಡಿಂಗ್ ಹಿಡಿಸಿ ಹಲ್ಲು ಕಟ್ಟಿಸಿದ ಹಾಗೆ ಇದಕ್ಕೂ ಕಟ್ಟಿಸೋಣ ಅಂತ ಭಾವನೂ ಅಂದರು. ಗಾಣದ ಗೇರ್ ದಪ್ಪ, ತಡೆಯುತ್ತದೆ. ಇದು ತಗಡಿನಿಂದ ಒತ್ತಿ ತೆಗೆದ ಪ್ಲೇಟು, ವೆಲ್ಡಿಂಗ್ ಬಿಸಿಗೆ ಸೊಟ್ಟಗಾಗುತ್ತದೆ. ಸುಮ್ನೆ ಹೊಸದೇ ತರಿಸಿ, ಅದೂ ಪಿನಿಯನ್ ಮತ್ತು ಸೆಕ್ಟರ್ ಎರಡನ್ನೂ, ಯಾಕೆಂದರೆ ಸವೆದ ಹಲ್ಲಿಗೆ ಹೊಸ ಹಲ್ಲು ಕೂಡಿಸಿದರೆ ಹಳೆಯದು ಹೊಸದನ್ನೂ ಬೇಗ ತಿಂದು ಹಾಕುತ್ತದೆ. ಮಾಡೆಲ್ ನಂಬರ್ ಸಾಮಾನ್ಯವಾಗಿ ಸೀಟಿನ ಕೆಳಗಿನ ಪ್ಲೇಟಿನಲ್ಲಿರುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಪಿನಿಯನ್ ರಾಡಿನ ಸಮೇತವೇ ಬರುತ್ತದೆ.

ಇನ್ನು ಬಿಚ್ಚುವ ಕೆಲಸ. ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಕೀ ತೆಗೆದು, ಸ್ಪಾರ್ಕ್ ಪ್ಲಗ್ಗಿನ ವೈರ್ ಮತ್ತು ಬ್ಯಾಟರಿಯ ನೆಗೆಟಿವ್ ವೈರ್ ಕಳಚಿ. ಬ್ಲೇಡ್ ಇರುವ ಕೆಳಗಿನ ಡೆಕ್ ಇಳಿಸಿ ಪಕ್ಕಕ್ಕೆ ಎಳೆಯಿರಿ, ಕೈಗೆ ದಪ್ಪ ಗ್ಲೌಸ್ ಇರಲಿ. ಹಿಂದಿನ ಚಕ್ರ ಉರುಳದಂತೆ ಅಡ್ಡ ಕಲ್ಲು ಕೊಟ್ಟು ಮುಂದಿನ ಭಾಗ ಜ್ಯಾಕ್‌ನಿಂದ ಎತ್ತಿ, ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಡಿ. ಬರೀ ಜ್ಯಾಕ್ ನಂಬಿ ಅಡಿಗೆ ನುಗ್ಗಬೇಡಿ. ಗಾಡಿಯನ್ನು ಪಕ್ಕಕ್ಕೆ ಮಗುಚುವುದೂ ಬೇಡ, ಪೆಟ್ರೋಲ್ ಚೆಲ್ಲುತ್ತದೆ, ಎಂಜಿನ್ ಆಯಿಲ್ ಏರ್ ಫಿಲ್ಟರಿಗೆ ಹೋಗುತ್ತದೆ.

ಮೊಬೈಲಿನಲ್ಲಿ ನಾಲ್ಕೈದು ಫೋಟೊ ತೆಗೆದುಕೊಳ್ಳಿ. ವಾಶರ್ ಯಾವುದರ ಮೇಲೆ ಯಾವುದಿತ್ತು ಅಂತ ಸಂಜೆ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ. ಚಕ್ರ ಸೀದಾ ನಿಲ್ಲಿಸಿ, ಸೆಕ್ಟರಿನಿಂದ ರಾಡುಗಳನ್ನು ಬಿಡಿಸಿ, ಸೆಕ್ಟರಿನ ನಡುವಿನ ಬೋಲ್ಟ್ ತೆಗೆದರೆ ಅದು ಕಳಚಿಕೊಳ್ಳುತ್ತದೆ.

ಪಿನಿಯನ್ ಇರುವ ರಾಡು ಬಿಡಿಸಲು ಸ್ಟೀರಿಂಗ್ ವೀಲ್ ತೆಗೆಯಬೇಕು, ಕಷ್ಟ ಕೊಡುವುದು ಅದೇ. ಮೇಲಿನ ಮುಚ್ಚಳ ಎಬ್ಬಿಸಿದರೆ ಬೋಲ್ಟ್ ಸಿಗುತ್ತದೆ, ಅದನ್ನು ತೆಗೆದರೂ ತುಕ್ಕು ಹಿಡಿದ ವೀಲ್ ಜಪ್ಪಯ್ಯ ಅನ್ನುವುದಿಲ್ಲ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಬೋಲ್ಟನ್ನು ಎರಡು ಸುತ್ತು ಮಾತ್ರ ಹಾಕಿ, ಒಬ್ಬರು ವೀಲನ್ನು ಮೇಲಕ್ಕೆ ಎಳೆಯುತ್ತಿರುವಾಗ ಇನ್ನೊಬ್ಬರು ಬೋಲ್ಟ್ ತಲೆಗೆ ಮೆಲ್ಲಗೆ ಸುತ್ತಿಗೆಯಿಂದ ತಟ್ಟಿ. ನಮಗೆ ಬರೀ ಇದಕ್ಕೇ ಅರ್ಧ ದಿನ ಹಿಡಿಯಿತು.

ಕೂರಿಸುವಾಗ ಬುಷ್‌ಗಳನ್ನೂ ಹೊಸದೇ ಹಾಕಿ, ಬೆಲೆ ಏನೂ ದೊಡ್ಡದಲ್ಲ. ಹಳೆ ಜಿಡ್ಡನ್ನು ಡೀಸೆಲ್‌ನಲ್ಲಿ ತೊಳೆದು ಒರೆಸಿ. ಚಕ್ರ ಸೀದಾ ಇಟ್ಟುಕೊಂಡು ಸೆಕ್ಟರಿನ ನಟ್ಟನಡುವಿನ ಹಲ್ಲು ಪಿನಿಯನ್‌ಗೆ ಕೂಡುವಂತೆ ಇಡಿ. ಒಂದು ಹಲ್ಲು ತಪ್ಪಿದರೂ ಗಾಡಿ ಒಂದು ಕಡೆಗೆ ಜಾಸ್ತಿ, ಇನ್ನೊಂದು ಕಡೆಗೆ ಕಡಿಮೆ ತಿರುಗುತ್ತದೆ. ಹಲ್ಲುಗಳ ನಡುವೆ ಕೂದಲೆಳೆಯಷ್ಟು ಪ್ಲೇ, ಅಂದರೆ ಸಡಿಲ, ಬೇಕು. ಈ ತುದಿಯಿಂದ ಆ ತುದಿಗೆ ತಿರುಗಿಸಿ ನೋಡಿ, ಎಲ್ಲೂ ಹಿಡಿಯಬಾರದು. ಬಿಚ್ಚಿದ ಸ್ಪ್ಲಿಟ್ ಪಿನ್ (ತೂತಿಗೆ ತೂರಿಸಿ ಎರಡು ಕಾಲು ಮಡಚುವ ಪಿನ್) ಮತ್ತೆ ಬಳಸಬೇಡಿ.

ಗ್ರೀಸ್ ವಿಷಯದಲ್ಲಿ ಗಾಡಿಯ ಜೊತೆ ಬಂದ ಪುಸ್ತಕ ಹೇಳಿದ ಹಾಗೆ ಮಾಡಿ. ಹಾಕಲು ಹೇಳಿದ್ದರೂ ತೆಳ್ಳಗೆ ಸವರಿದರೆ ಸಾಕು. ಮುದ್ದೆ ಮುದ್ದೆ ಮೆತ್ತಿದರೆ ನಮ್ಮ ಕಡೆಯ ಕೆಮ್ಮಣ್ಣಿನ ಧೂಳು ಅಂಟಿಕೊಂಡು ಮರಳು ಕಾಗದದ ಹಾಗೆ ಹಲ್ಲನ್ನು ಉಜ್ಜುತ್ತದೆ. ಭಾವನ ಗಾಡಿಯಲ್ಲಿ ಆಗಿದ್ದೂ ಅದೇ.

ಗಾಡಿ ಇಳಿಸಿ, ಡೆಕ್ ಹಾಕುವ ಮೊದಲೇ ಖಾಲಿ ಜಾಗದಲ್ಲಿ ನಿಧಾನವಾಗಿ ಎಂಟರ ಆಕಾರದಲ್ಲಿ ಎರಡು ಸುತ್ತು ಓಡಿಸಿ. ಸರಿಯಿದ್ದರೆ ಡೆಕ್ ಸಿಕ್ಕಿಸಿ. ಒಂದೆರಡು ಗಂಟೆ ಹುಲ್ಲು ಕತ್ತರಿಸಿದ ಮೇಲೆ, ಕೀ ತೆಗೆದು, ಬೋಲ್ಟ್‌ಗಳಿಗೆಲ್ಲ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡಿ. ನಮಗೆ ಒಂದು ಸಡಿಲವಾಗಿಯೇ ಸಿಕ್ಕಿತು.