ದಾಸವಾಳ ಸೊರಗಿದರೆ ಮೊದಲು ಎಲ್ಲಿ ನೋಡಬೇಕು?

ದಾಸವಾಳದ ಎಲೆ ಹಳದಿಯಾದ ಕೂಡಲೇ ಬುಡಕ್ಕೆ ಒಂದು ಹಿಡಿ ಗೊಬ್ಬರ ಸುರಿದು ಮೇಲೆ ಔಷಧಿ ಹೊಡೆಯುವವರೇ ಹೆಚ್ಚು. ಎಷ್ಟೋ ಗಿಡಗಳು ರೋಗಕ್ಕಿಂತ ಈ ಉಪಚಾರಕ್ಕೇ ಬಲಿಯಾಗುತ್ತವೆ. ತೊಂದರೆ ಗಿಡದ ಯಾವ ಭಾಗದಲ್ಲಿ ಶುರುವಾಗಿದೆ ಎಂಬುದನ್ನು ಮೊದಲು ನೋಡಿ.

ಮಣ್ಣಿಗೆ ಎರಡು ಗೆಣ್ಣು ಆಳಕ್ಕೆ ಬೆರಳಿಳಿಸಿ. ಒಣಗಿದ್ದರೆ ನೀರು ಸಾಲದು, ಅಷ್ಟೇ. ಮಣ್ಣು ಹಸಿಯಿದ್ದೂ ಎಲೆ ಜೋತುಬಿದ್ದಿದ್ದರೆ ಬೇರು ಕೊಳೆಯುತ್ತಿರುವ ಸಂಭವ ಹೆಚ್ಚು. ನೀರು ನಿಂತ ಮಣ್ಣಿನಲ್ಲಿ ಬೇರಿಗೆ ಗಾಳಿ ಸಿಗದು. ಉಸಿರುಕಟ್ಟಿದ ಬೇರು ನೀರನ್ನೂ ಎಳೆಯಲಾರದು. ಬಾಡಿದೆಯೆಂದು ಮತ್ತೆ ನೀರು ಹಾಕಿದರೆ ಕಥೆ ಮುಗಿಯಿತು. ಕುಂಡದಿಂದ ಗಿಡ ಬಿಡಿಸಿ ನೋಡಿ: ಆರೋಗ್ಯವಾದ ಬೇರು ಬಿಳಿಯಾಗಿ ಗಟ್ಟಿಯಾಗಿರುತ್ತದೆ, ಕೊಳೆತದ್ದು ಕಂದಾಗಿ ಮೆತ್ತಗಾಗಿ ನಾರುತ್ತದೆ. ಕೊಳೆತದ್ದನ್ನೆಲ್ಲ ಕತ್ತರಿಸಿ, ನೀರು ಬೇಗ ಬಸಿಯುವ ಹೊಸ ಮಣ್ಣಿಗೆ ನೆಡಿ. ಹೊಸ ಚಿಗುರು ಕಾಣುವವರೆಗೆ ಗೊಬ್ಬರ ಬೇಡ.

ಬೇರು ಚೆನ್ನಾಗಿದ್ದೂ ಎಲೆ ಹಳದಿಯೇ? ಹಾಗಾದರೆ ಹಳದಿಯಾದದ್ದು ಹಳೆಯ ಎಲೆಯೋ, ಚಿಗುರೋ ನೋಡಿ. ಕೆಳಗಿನ ಹಳೆಯ ಎಲೆಗಳು ಪೂರ್ತಿ ಮಂಕಾಗಿ ಹಳದಿಯಾದರೆ ಸಾರಜನಕ ಕಡಿಮೆ. ಅವೇ ಎಲೆಗಳ ನರ ಹಸಿರಾಗಿ ಉಳಿದು ನಡುವೆ ಮಾತ್ರ ಹಳದಿಯಾದರೆ ಮೆಗ್ನೀಸಿಯಂ ಕೊರತೆ. ಚಿಗುರೆಲೆಯಲ್ಲಿ ಇದೇ ಚಿತ್ರ ಕಂಡರೆ ಕಬ್ಬಿಣಾಂಶದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಕ್ಷಾರ ಹೆಚ್ಚಾದಾಗ ಬೇರಿಗೆ ದಕ್ಕುವುದಿಲ್ಲ. ಇಂಥ ಗಿಡಕ್ಕೆ ಬೂದಿ, ಸುಣ್ಣ ಹಾಕಿದರೆ ಕ್ಷಾರ ಇನ್ನೂ ಏರುತ್ತದೆ. ಚೀಲೇಟೆಡ್ ಕಬ್ಬಿಣವನ್ನು (ಬೇರಿಗೆ ಸುಲಭವಾಗಿ ದಕ್ಕುವ ರೂಪದ ಕಬ್ಬಿಣ) ಪೊಟ್ಟಣದ ಮೇಲಿನ ಪ್ರಮಾಣದಲ್ಲಿ ಕೊಡಿ. ಅಪರೂಪಕ್ಕೆ ಒಂದೆರಡು ಹಳೆ ಎಲೆ ಹಳದಿಯಾಗಿ ಉದುರಿದರೆ ತಲೆ ಕೆಡಿಸಿಕೊಳ್ಳಬೇಡಿ, ಅವುಗಳ ಆಯಸ್ಸು ಮುಗಿದಿದೆ.

ಕೀಟ ಹುಡುಕಲು ಎಲೆಯ ಅಡಿಭಾಗ, ಚಿಗುರಿನ ಸಂದು ನೋಡಬೇಕು. ಹತ್ತಿಯಂಥ ಬಿಳಿ ಮುದ್ದೆ ಹಿಟ್ಟುತಿಗಣೆಯದು. ಅದು ರಸ ಹೀರಿದ ಚಿಗುರು ಮುರುಟಿಕೊಂಡು ಕುಳ್ಳಾಗುತ್ತದೆ. ಎಲೆ ಅಂಟಂಟಾಗಿ ಕಪ್ಪು ಮಸಿ ಹಿಡಿದಿದ್ದರೆ ತಿಗಣೆ, ಹೇನು ಅಥವಾ ಬಿಳಿನೊಣ ಮೇಲೆಲ್ಲೋ ಇದೆ. ಮಸಿ ಬೆಳೆಯುವುದು ಅವು ಹೊರಹಾಕುವ ಸಿಹಿದ್ರವದ ಮೇಲೆ. ಕಾಂಡದ ಮೇಲೆ ಇರುವೆ ಸಾಲು ಓಡಾಡುತ್ತಿದ್ದರೂ ಇದೇ ಸುಳಿವು, ಆ ಸಿಹಿಗಾಗಿ ಇರುವೆಗಳು ತಿಗಣೆಯನ್ನು ಕಾಯುತ್ತವೆ. ಎಲೆಯ ಮೇಲೆ ಸಣ್ಣ ಸಣ್ಣ ಮಾಸಲು ಚುಕ್ಕೆಗಳಿದ್ದರೆ ಬಿಳಿ ಕಾಗದ ಹಿಡಿದು ಎಲೆ ತಟ್ಟಿ: ಬಿದ್ದ ಧೂಳು ಹರಿದಾಡಿದರೆ ಅದು ನುಸಿ.

ಕೀಟ ಮೆತ್ತಿಕೊಂಡ ತುದಿಗಳನ್ನು ಕತ್ತರಿಸಿ, ಉಳಿದದ್ದಕ್ಕೆ ಜೋರಾಗಿ ನೀರು ಹಾಯಿಸಿ. ಆಮೇಲೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, 1 ಮಿಲಿ ದ್ರವ ಸೋಪು ಬೆರೆಸಿ ಸಂಜೆ ಸಿಂಪಡಿಸಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಸೋಪಿಲ್ಲದೆ ಎಣ್ಣೆ ನೀರಿನಲ್ಲಿ ಬೆರೆಯದು. ಮೊಟ್ಟೆಯೊಡೆದು ಹೊಸ ಮರಿ ಬರುವುದರಿಂದ ವಾರಕ್ಕೊಮ್ಮೆಯಂತೆ ಮೂರು ಸಲವಾದರೂ ಬೇಕು.

ಮೊಗ್ಗು ಅರಳದೆ ಉದುರುತ್ತಿದ್ದರೆ ಒಂದನ್ನು ಸೀಳಿ ನೋಡಿ. ಒಳಗೆ ಪುಟ್ಟ ಹುಳುಗಳಿದ್ದರೆ ಅದು ಮೊಗ್ಗುನೊಣದ ಮರಿ. ಸಿಂಪಡಣೆ ಅಲ್ಲಿಗೆ ತಲುಪದು. ಬಿದ್ದ ಮೊಗ್ಗನ್ನು ದಿನವೂ ಆರಿಸಿ ಚೀಲದಲ್ಲಿ ಬಿಗಿದು ಎಸೆಯಬೇಕು, ಇಲ್ಲವಾದರೆ ಹುಳು ಮಣ್ಣಿಗಿಳಿದು ಕೋಶ ಕಟ್ಟಿ ಮತ್ತೆ ನೊಣವಾಗಿ ಏಳುತ್ತದೆ. ಒಳಗೆ ಏನೂ ಇಲ್ಲದಿದ್ದರೆ ಒಂದು ದಿನ ನೀರು, ನಾಲ್ಕು ದಿನ ಬರ ಎಂಬಂಥ ಅಭ್ಯಾಸವನ್ನು ಸಂಶಯಿಸಿ. ಗಿಡ ಸೊಂಪಾಗಿದ್ದೂ ಮೊಗ್ಗೇ ಇಲ್ಲವೆಂದರೆ ಬಿಸಿಲು ಸಾಲದು ಅಥವಾ ಸಾರಜನಕ ಹೆಚ್ಚಾಗಿದೆ. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು.

ಒಣಗಿದ ಕೊಂಬೆ ಸತ್ತಿದೆಯೋ ಎಂದು ತಿಳಿಯಲು ಉಗುರಿನಿಂದ ತೊಗಟೆ ಕೆರೆಯಿರಿ. ಹಸಿರು ಕಾಣುವವರೆಗೆ ತುದಿಯಿಂದ ಕೆಳಕ್ಕೆ ಬನ್ನಿ, ಅಲ್ಲಿಗೆ ಕತ್ತರಿಸಿ. ಬುಡದಲ್ಲೂ ಹಸಿರಿಲ್ಲದಿದ್ದರೆ ಕಿತ್ತುಹಾಕಿ. ಬೇರು ಕೊಳೆತು ಸತ್ತಿದ್ದರೆ ಆ ಮಣ್ಣನ್ನು ಬೇರೆ ಕುಂಡಕ್ಕೆ ಬಳಸಬೇಡಿ.