ಹೊಂಡಕ್ಕೆ ಡೀಸೆಲ್ ಬಿತ್ತಾ? ಬೂರುಗದ ಹತ್ತಿ ತನ್ನಿ

ಬಾವಿಗೋ ಕೃಷಿ ಹೊಂಡಕ್ಕೋ ಡೀಸೆಲ್ ಬಿದ್ದರೆ ಜನ ಮೊದಲು ಹುಡುಕುವುದು ಸೋಪಿನ ಪುಡಿ. ದಯವಿಟ್ಟು ಹಾಕಬೇಡಿ. ಸೋಪಿಗೆ ಎಣ್ಣೆ ಮಾಯವಾಗುವುದಿಲ್ಲ, ಸಣ್ಣ ಸಣ್ಣ ಹನಿಯಾಗಿ ಒಡೆದು ನೀರಿನೊಳಕ್ಕೆ ಇಳಿಯುತ್ತದೆ. ಮೇಲೆ ತೇಲುವಾಗ ಬಾಚಿ ತೆಗೆಯಬಹುದಿತ್ತು, ಬೆರೆತ ಮೇಲೆ ಏನು ಮಾಡುತ್ತೀರಿ?

ನಮ್ಮ ತೋಟದ ಹೊಂಡದಲ್ಲಿ ಪಂಪಿನ ಪೈಪು ಬಿಟ್ಟುಕೊಂಡಾಗ ನಾವು ಮರದ ಹೊಟ್ಟು ಸುರಿದಿದ್ದೆವು. ಸಂಜೆ ಹೊತ್ತಿಗೆ ಅದು ನೀರು ಕುಡಿದು, ಎಣ್ಣೆಯನ್ನೂ ಹೊತ್ತುಕೊಂಡು, ಅರ್ಧಕ್ಕರ್ಧ ತಳಕ್ಕೆ ಹೋಗಿತ್ತು. ಹೊಟ್ಟು, ತೆಂಗಿನ ನಾರಿನ ಪುಡಿ ಎಲ್ಲ ಶೆಡ್ಡಿನ ನೆಲಕ್ಕೆ ಚೆಲ್ಲಿದ ಎಣ್ಣೆಗೆ ಸರಿ. ನೀರಿಗೆ ಬೇಕಾದದ್ದು ನೀರನ್ನು ಒಲ್ಲೆ ಅನ್ನುವ ವಸ್ತು.

ಅಂಥದ್ದು ಬೂರುಗದ ಹತ್ತಿ. ಹಳೇ ದಿಂಬಿನೊಳಗೆ ಇರುತ್ತದಲ್ವಾ, ಅದೇ. ಇದರ ಒಂದೊಂದು ಎಳೆಯೂ ತೆಳು ಗೋಡೆಯ ಟೊಳ್ಳು ಕೊಳವೆ, ಒಳಗೆಲ್ಲ ಗಾಳಿ, ಹೊರಗೆ ಮೇಣದ ಲೇಪ. ಮೇಣ ನೀರನ್ನು ದೂರ ಇಡುತ್ತದೆ, ಎಣ್ಣೆಯನ್ನು ಹತ್ತಿರ ಕರೆಯುತ್ತದೆ. ಹಿಂದೆ ಹಡಗಿನವರ ಲೈಫ್ ಜಾಕೆಟ್‌ಗೆ ಇದನ್ನೇ ತುಂಬುತ್ತಿದ್ದರು. ಎಕ್ಕದ ಕಾಯಿ ಒಡೆದಾಗ ಹಾರುವ ರೇಷ್ಮೆಯಂಥ ಅರಳೆಯೂ ಇದೇ ಜಾತಿಯ ಕೆಲಸ ಮಾಡುತ್ತದೆ. ಒಣಗಿ ಬಿರಿದ ಕಾಯಿಯನ್ನಷ್ಟೇ ಕೀಳಿ, ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಕಷ್ಟ.

ನಂಬಿಕೆ ಬರಲಿಲ್ಲ ಅಂದರೆ ಎರಡು ಲೋಟ ನೀರಿಗೆ ಒಂದೊಂದು ಚಮಚ ಹಳೇ ಎಂಜಿನ್ ಆಯಿಲ್ ಹಾಕಿ. ಒಂದಕ್ಕೆ ಮೆಡಿಕಲ್ ಶಾಪಿನ ಹತ್ತಿ, ಇನ್ನೊಂದಕ್ಕೆ ಬೂರುಗದ ಹತ್ತಿ ಬಿಡಿ. ಮೆಡಿಕಲ್ ಹತ್ತಿಯ ಮೇಣವನ್ನು ತೊಳೆದು ತೆಗೆದಿರುತ್ತಾರೆ, ಹಾಗಾಗಿ ಅದು ನೀರು ಹೀರಿ ಭಾರವಾಗಿ ಕುಸಿಯುತ್ತದೆ. ಬೂರುಗದ್ದು ಮೇಲೆಯೇ ನಿಂತು, ಅಂಚಿನಿಂದ ನಿಧಾನಕ್ಕೆ ಕಪ್ಪಾಗುತ್ತಾ ಬರುತ್ತದೆ. ಎತ್ತಿದರೆ ಕೆಳಗೆ ತಿಳಿ ನೀರು.

ಈಗ ಕೆಲಸ. ಮೊದಲು ಸೋರಿಕೆ ನಿಲ್ಲಿಸಿ, ನೀರು ಹರಿದು ಹೋಗುವ ತೂಬು ಮುಚ್ಚಿ. ಬಿದ್ದದ್ದು ಪೆಟ್ರೋಲ್ ಆದರೆ ಹತ್ತಿರ ಹೋಗಲೇಬೇಡಿ, ಅದರ ಆವಿಗೆ ಒಂದು ಕಿಡಿ ಸಾಕು, ಅಗ್ನಿಶಾಮಕದವರಿಗೆ ಫೋನ್ ಮಾಡಿ. ಡೀಸೆಲ್, ಎಂಜಿನ್ ಆಯಿಲ್ ಆದರೆ ಗ್ಲೌಸ್ ಹಾಕಿ, ಮೂಗಿಗೆ ಬಟ್ಟೆ ಕಟ್ಟಿ (ಹತ್ತಿಯ ಧೂಳೂ ಜಾಸ್ತಿ), ಬೀಡಿ ಸಿಗರೇಟು ದೂರ ಇಡಿಸಿ. ಹತ್ತಿಯನ್ನು ಸುಮ್ನೆ ನೀರಿಗೆ ಎಸೆಯಬಾರದು, ಚದುರಿದ ಎಳೆಗಳನ್ನು ಮತ್ತೆ ಆಯುವುದಕ್ಕೆ ಆಗುವುದಿಲ್ಲ. ಹಳೇ ಸೊಳ್ಳೆಪರದೆಯನ್ನು ತೋಳಿನಷ್ಟು ದಪ್ಪದ, ಒಂದೆರಡು ಮೀಟರ್ ಉದ್ದದ ಚೀಲದಂತೆ ಹೊಲಿದು, ಹತ್ತಿಯನ್ನು ಸಡಿಲವಾಗಿ ತುಂಬಿ ಬಾಯಿ ಕಟ್ಟಿ. ಅದುಮಿ ತುಂಬಿದರೆ ಎಣ್ಣೆಗೆ ಜಾಗವೇ ಇರುವುದಿಲ್ಲ. ಪ್ರಯೋಗಾಲಯದಲ್ಲಿ ಬೂರುಗದ ಹತ್ತಿ ತನ್ನ ತೂಕದ 30 ಪಟ್ಟಿಗೂ ಮೀರಿ ಎಣ್ಣೆ ಹಿಡಿದಿದೆ, ಹೊಂಡದಲ್ಲಿ 10 ಪಟ್ಟು ಅಂತ ಲೆಕ್ಕ ಇಟ್ಟುಕೊಳ್ಳಿ: ಒಂದು ಲೀಟರ್ ಡೀಸೆಲ್‌ಗೆ 100 ಗ್ರಾಂ.

ಚೀಲಕ್ಕೆ ಎರಡೂ ತುದಿಯಲ್ಲಿ ಹಗ್ಗ ಕಟ್ಟಿ, ಇಬ್ಬರು ಎರಡು ದಡದಲ್ಲಿ ನಿಂತು, ಗಾಳಿ ಎಣ್ಣೆಯನ್ನು ತಳ್ಳುತ್ತಿರುವ ಮೂಲೆಯ ಕಡೆಗೆ ಮೆಲ್ಲಗೆ ಎಳೆಯಿರಿ. ಡೀಸೆಲ್ ಬೇಗ ಹೀರುತ್ತದೆ, ದಪ್ಪ ಆಯಿಲ್‌ಗೆ ಸಮಯ ಕೊಡಿ. ತುಂಬಿದ ಮೇಲೆ ಬಕೆಟ್ ಮೇಲೆ ಹಿಂಡಿ ಮತ್ತೆ ಬಿಡಿ, ಕೆಲವು ಸಲ ಹೀಗೆ ನಡೆಯುತ್ತದೆ. ಆದರೆ ಸೋಪಿನಲ್ಲಿ ತೊಳೆಯಬೇಡಿ, ಮೇಣ ಹೋದರೆ ಅದೂ ಮೆಡಿಕಲ್ ಹತ್ತಿಯಂತೆಯೇ.

ಹಿಂಡಿದ ಎಣ್ಣೆಯನ್ನು ಮುಚ್ಚಳದ ಕ್ಯಾನಿನಲ್ಲಿ ಹಾಕಿ ಹಳೇ ಆಯಿಲ್ ಸಂಗ್ರಹಿಸುವವರಿಗೆ ಕೊಡಿ. ಎಣ್ಣೆ ಹತ್ತಿದ ಹತ್ತಿ ಗೊಬ್ಬರದ ಗುಂಡಿಗೂ ಬೇಡ, ಬೆಂಕಿಗೂ ಬೇಡ. ಗಟ್ಟಿ ಮುಚ್ಚಳದ ಡ್ರಮ್ಮಿನಲ್ಲಿಟ್ಟು ಅಪಾಯಕಾರಿ ತ್ಯಾಜ್ಯ ಅಂತಲೇ ಒಪ್ಪಿಸಬೇಕು. ಇನ್ನೊಂದು ಮಾತು: ಮೇಲಿನ ಬಣ್ಣದ ಪೊರೆ ಹೋಯಿತು ಅಂತ ಆ ನೀರು ಕುಡಿಯಬೇಡಿ, ದನಕ್ಕೂ ಕುಡಿಸಬೇಡಿ. ಕರಗಿದ ಅಂಶವನ್ನು ಹತ್ತಿ ಹಿಡಿಯುವುದಿಲ್ಲ. ನೀರನ್ನು ಪರೀಕ್ಷೆಗೆ ಕಳಿಸಿ.

ಸಮುದ್ರದ ಮಾತೇ ಬೇರೆ. 2006ರಲ್ಲಿ ಕಾರವಾರದ ಹತ್ತಿರ ಓಷನ್ ಸೆರಾಯ ಹಡಗು ಬಂಡೆಗೆ ಬಡಿದು ಎಣ್ಣೆ ಸೋರಿತ್ತು. ಅಂಥದ್ದಕ್ಕೆ ಕರಾವಳಿ ಕಾವಲು ಪಡೆಯೇ ಬೇಕು. ಆದರೂ 2020ರಲ್ಲಿ ಮಾರಿಷಸ್‌ನಲ್ಲಿ ವಕಾಶಿಯೋ ಹಡಗಿನಿಂದ ಸುಮಾರು 1,000 ಟನ್ ಎಣ್ಣೆ ಸೋರಿದಾಗ, ಊರಿನ ಜನ ಕಬ್ಬಿನ ಒಣ ಸೋಗೆಯನ್ನು ಬಟ್ಟೆಯೊಳಗೆ ತುಂಬಿ, ತೇಲಲು ಖಾಲಿ ಪ್ಲಾಸ್ಟಿಕ್ ಬಾಟಲಿ ಕಟ್ಟಿ, ಉದ್ದನೆಯ ತಡೆಗಳನ್ನು ತಾವೇ ಮಾಡಿದರು. ನಮ್ಮಲ್ಲಿ ಗದ್ದೆಯಲ್ಲೇ ಸುಡುವ ಅದೇ ಸೋಗೆ. ಆ ಚಿತ್ರಗಳನ್ನು ನೋಡಿದ ದಿನ ನನಗೆ ಗಂಟಲು ಕಟ್ಟಿತ್ತು.

ಬೂರುಗದ ಕಾಯಿ ಬಿರಿಯುವುದು ಬೇಸಿಗೆಯಲ್ಲಿ. ಆಗಲೇ ಒಂದು ಚೀಲ ಆರಿಸಿ, ಬೀಜ ಬಿಡಿಸಿ, ಒಣಗಿಸಿ ಕಟ್ಟಿಡಿ. ಪಂಪ್‌ಹೌಸಿಗೆ ಹತ್ತಿರವಿರಲಿ, ಆದರೆ ಒಳಗೆ ಬೇಡ. ಸ್ವಿಚ್‌ಬೋರ್ಡಿನ ಕಿಡಿ ತಾಗಿದರೆ ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ.